ಅಂಕೆ ತಪ್ಪಿದವರು

ಬೈತಖೋಲ ಬಂದರು, ಐಸ್ ಫ್ಯಾಕ್ಟರಿಯ ಹಿಂದೆ
ಬಲೆ ಇಡುವ ಕೋಣೆ. ಗುರುವಾರ, ದೀಪ ಹಚ್ಚುವ ಹೊತ್ತು.
ಗೋಡೆಯ ಕ್ಯಾಲೆಂಡರನ್ನು ಯಾರೋ ತಿರುಗಿಸಿ ತೂಗಿದ್ದಾರೆ,
ಹಿಂಬದಿಯ ಬಿಳಿ ನಮ್ಮ ಕಡೆಗೆ.
ಬಾಗಿಲ ಬಳಿ ಭಾಸ್ಕರ ದುರ್ಗೇಕರ ಚಹಾ ಸೋಸುತ್ತಾನೆ.
ಇದೇ ಬೆರಳುಗಳು ನನ್ನ ಓಸಿ ಚೀಟಿ ಬರೆದಿದ್ದವು,
ಕಾರ್ಬನ್ ಇಟ್ಟು, ಮೀನು ಪೇಟೆಯ ಮೂಲೆಯಲ್ಲಿ.
ಮೊದಲ ವಾರ ಅವನ ಚಹಾ ಮುಟ್ಟಲಿಲ್ಲ ನಾನು.

ನನ್ನ ರೋಗ ಹೇಗಿತ್ತೆಂದರೆ,
ಹೆಂಡತಿ ಅಂಕೋಲೆಯವಳು, ನಸುಕಿನಲ್ಲಿ
ಅವಳ ಕನ್ನಡದಲ್ಲಿ "ಏಳು" ಅಂದರೆ
ಏಳಲಿಲ್ಲ; ಏಳಕ್ಕೆ ಕಟ್ಟಿದೆ.
"ಚಹಾ ಆರುತ್ತದೆ" ಅಂದರೆ ಆರಕ್ಕೆ.
ಕಂಡಕ್ಟರ್ "ಹತ್ತು, ಬೇಗ ಹತ್ತು" ಅಂತ ಕೂಗಿದರೆ
ಬಸ್ ಬಿಟ್ಟು ಭಾಸ್ಕರನನ್ನು ಹುಡುಕಿ ಓಡಿದೆ.
ಸದಾಶಿವಗಡದ ಮಾವ ತೀರಿಕೊಂಡ ಸುದ್ದಿ ಬಂದಾಗ
ಕೇಳಿದ್ದು, ವಯಸ್ಸೆಷ್ಟು?
ಎಪ್ಪತ್ತನಾಲ್ಕು. ಹೆಣ ಎತ್ತುವ ಮೊದಲೇ
ಆ ಮುದುಕನನ್ನು ಬಾಜಿಗೆ ಇಟ್ಟಾಗಿತ್ತು.
ಕ್ಲೋಸಿನಲ್ಲಿ ನಾಲ್ಕು ಬಂತು. ಅದೇ ಕೆಟ್ಟದ್ದಾಯಿತು:
ಗೆದ್ದ ದುಡ್ಡಲ್ಲಿ ಹಾರ ತಂದೆ, ಎಲ್ಲರಿಗಿಂತ ದೊಡ್ಡದು.

ಅದಕ್ಕೇ ಈ ಕೋಣೆಗೆ ಇರುವುದು ಒಂದೇ ನಿಯಮ.
ಒಂದೇ ಅಂದೆನಲ್ಲ, ತಪ್ಪಾಯಿತು.
ನಿಯಮ ಇಷ್ಟು: ಇಲ್ಲಿ ಅಂಕೆ ನುಡಿಯುವಂತಿಲ್ಲ.
ಬಿಟ್ಟ ದಿನ ಎಣಿಸುವಂತಿಲ್ಲ,
ಎಣಿಸಿದರೆ ಅದರ ಮೇಲೂ ಕಟ್ಟುವ ಜಾತಿ ನಮ್ಮದು.
ಕಳೆದದ್ದೆಷ್ಟು ಹೇಳುವಂತಿಲ್ಲ,
ಅದರಲ್ಲೂ ಸಣ್ಣ ಜಂಬ ಇರುತ್ತದೆ.

ಹಾಗಾಗಿ ಪ್ರೆಸಿಲ್ಲಾ ಸಿಸ್ಟರ್ ಅನ್ನುತ್ತಾರೆ:
"ರಮ್ಮಿ ಮುಟ್ಟಿಲ್ಲ, ವಾರ್ಡಿಗೆ ಹೊಸ ಪರದೆ ಬಂದಾಗಿನಿಂದ."
ರಾತ್ರಿ ಪಾಳಿ, ಮುಗಿದ ಸಲೈನ್ ಬಾಟಲಿ ತೂಗುತ್ತಲೇ ಇತ್ತು,
ಇವರು ಮೊಬೈಲಿನಲ್ಲಿ ಜೋಕರ್ ಕಾಯುತ್ತಿದ್ದರು.
ರೋಗಿ ಬದುಕಿದ. ಅದನ್ನು ಹೇಳುವಾಗ ಪ್ರತಿ ಸಲ
ಸೆರಗಿನಿಂದ ಕನ್ನಡಕ ಒರೆಸುತ್ತಾರೆ,
ಕನ್ನಡಕ ಚೊಕ್ಕಟವೇ ಇರುತ್ತದೆ.

ಟೆಂಪೊದ ಹಮ್ಮಣ್ಣ:
"ಪಣಜಿಯ ಆ ಹಡಗು ಲಂಗರು ಎತ್ತುವುದೇ ಇಲ್ಲ ಮಾರಾಯ್ರೆ.
ರಾತ್ರಿಯಿಡೀ ನಿಂತಲ್ಲೇ ನಿಂತಿತ್ತು. ಮುಳುಗಿದ್ದು ನಾನು."
ನಗು ಬಂತು. ಅವನೂ ನಕ್ಕ, ತಡವಾಗಿ.

ನನ್ನ ಸರದಿಗೆ ಅಣ್ಣನ ಬಲೆ.
ಅಂಚಿನ ಸೀಸದ ಗುಂಡುಗಳನ್ನು ಬಿಚ್ಚಿ ಬಿಚ್ಚಿ ಗುಜರಿಗೆ ಮಾರಿದೆ,
ಕತ್ತಲಲ್ಲಿ, ಮಲಗಿದವನ ಹಲ್ಲು ಕೀಳುವ ಹಾಗೆ.
ಬಲೆ ತಳ ಮುಟ್ಟಲಿಲ್ಲ, ನೀರ ಮೇಲೆ ತೇಲಿತು.
ಅಣ್ಣ ಸಮುದ್ರವನ್ನೇ ಬೈದ: ಮೀನಿಲ್ಲ, ಕಾಲ ಕೆಟ್ಟಿತು.
ನಾನು ಹೌದು ಅಂದೆ.
ಇವತ್ತಿಗೂ ಅವನಿಗೆ ಹೇಳಿಲ್ಲ. ಇಲ್ಲಿ ಹೇಳಿದೆ.
"ಇಲ್ಲಿ ಹೇಳುವುದು ಅಭ್ಯಾಸ, ಅಷ್ಟೇ," ಅಂದ ಭಾಸ್ಕರ.
ಆ ದಿನ ಅವನ ಚಹಾ ಕುಡಿದೆ. ಸಕ್ಕರೆ ಜಾಸ್ತಿ.

ಚಿತ್ತಾಕುಲದ ಹುಡುಗ ಸುಹಾಸ ಬಹಳ ಗುರುವಾರ ಕಾಣಲಿಲ್ಲ.
ಕ್ರಿಕೆಟ್ ಹಂಗಾಮು ಮುಗಿದ ಮೇಲೆ ಬಂದ,
ಹೊಸ್ತಿಲ ಹೊರಗೆ ಚಪ್ಪಲಿ ಬಿಡದೆ ನಿಂತ.
ಬೈಕ್ ಇರಲಿಲ್ಲ; ಸೇತುವೆ ನಡೆದು ಬಂದ ಧೂಳು ಪ್ಯಾಂಟಿನ ಅಂಚಿಗೆ.
ಎಷ್ಟು ಹೋಯಿತು ಅನ್ನುವ ಪ್ರಶ್ನೆ
ಎಲ್ಲರ ನಾಲಿಗೆಯ ತುದಿಗೆ ಬಂದು ವಾಪಸ್ಸಾಯಿತು.
ಸಮಾಧಾನ ಹೇಳಲು ಇಲ್ಲಿ ಯಾರಿಗೂ ಬರುವುದಿಲ್ಲ.
ಭಾಸ್ಕರ ಮೀನಿನ ಕ್ರೇಟು ಮಗುಚಿ ಹಾಕಿದ, ಕೂರಲು.
ಸಿಸ್ಟರ್ ಕೇಳಿದರು, "ಯಾವಾಗಿನಿಂದ?"
ಹುಡುಗ ಸುತ್ತ ನೋಡಿದ. ಲೋಟ ತೆಗೆದುಕೊಂಡ.
"ಈ ಚಹಾದಿಂದ," ಅಂದ.

ಮರುದಿನ ನಸುಕಿನಲ್ಲಿ ಅಂಕೋಲೆಯವಳು,
"ಏಳು, ನಳ ಬಂತು."
ಆ ಶಬ್ದ ಕಿವಿಯಲ್ಲಿ ತುಸು ನಿಂತಿತು,
ವಸೂಲಿಗೆ ಬಂದವನು ಕದ ತಟ್ಟಿ ಆಚೀಚೆ ನೋಡುವ ಹಾಗೆ.
ಎದ್ದೆ.
ಕೊಡ ಹಿಡಿದೆ. ಅಂಗಳದಲ್ಲಿ ಅಣ್ಣ ಬಲೆ ಹರಡಿ ಕೂತಿದ್ದ,
ಅಂಚಿಗೆ ಹೊಸ ಗುಂಡು ಪೋಣಿಸುತ್ತಾ.
ಕೊಡ ತುಂಬಿ ಚೆಲ್ಲತೊಡಗಿತು.
"ಅಣ್ಣಾ," ಅಂದೆ.
ಅವನು ತಲೆ ಎತ್ತದೆ ಕೈ ಎತ್ತಿದ:
"ತಡಿ. ಲೆಕ್ಕ ತಪ್ಪುತ್ತದೆ."